ಬೋರಲು ಬಿದ್ದ ಕೊಳಗ

"ಬುದ್ಧಿ, ನನ್ನ ದುಡ್ಡು ಅವರ ಕೈಯಲ್ಲೇ ಇರುವಾಗ ನಾನು ಒಂದು ತಿಂಗಳು ತಡವಾಗಿ ಕಟ್ಟಿದರೆ ಅವರಿಗೇನು ನಷ್ಟ?"

ಹೀಗೆ ಕೇಳಿದವನು ಗುರುಸಿದ್ಧ. ಪೇಟೆಯಲ್ಲಿ ಮದುವೆ ಮನೆಗಳಿಗೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವವನು. ಸೋಮವಾರ ಸಂಜೆ ಮಠಕ್ಕೆ ಬಂದು ಗುರುಗಳ ಪಾದಕ್ಕೆ ಹಣೆ ಮುಟ್ಟಿಸಿ, ಸ್ವಲ್ಪ ಹೊತ್ತು ಕುಳಿತು, ಕೊನೆಯ ಬಸ್ಸಿಗೆ ಹೋಗುವುದು ಅವನ ರೂಢಿ.

"ಯಾರ ದುಡ್ಡು, ಯಾರ ಕೈ? ಮೊದಲಿನಿಂದ ಹೇಳಯ್ಯ," ಎಂದರು ಗುರುಗಳು.

ಗುರುಸಿದ್ಧ ಹೇಳಿದ. ಮದುವೆಗಳೇ ನಡೆಯದ ವರ್ಷ ಅವನ ಟೆಂಪೋ ಸಾಲದ ಕಂತುಗಳು ನಿಂತುಹೋಗಿದ್ದವು. ಆಮೇಲೆ ಬಡ್ಡಿ ಸಮೇತ ತೀರಿಸಿದ. ಆದರೂ ಬ್ಯಾಂಕುಗಳ ಲೆಕ್ಕದಲ್ಲಿ ಅವನ ಹೆಸರು ಕೆಟ್ಟಿತ್ತು. ಸ್ಕೋರು ಬಿದ್ದಿದೆ ಎಂದು ಹೋದಲ್ಲೆಲ್ಲ ವಾಪಸು ಕಳಿಸಿದರು. ಮಗಳಿಗೆ ನರ್ಸಿಂಗ್ ಓದುವ ಆಸೆ. ಮುಂದಿನ ವರ್ಷ ಅವಳ ಓದಿನ ಸಾಲಕ್ಕೆ ಅಪ್ಪನ ಸಹಿ ಬೇಕು, ಈ ಅಪ್ಪನ ಸಹಿ ನಡೆಯುವುದಿಲ್ಲ. ಕೊನೆಗೆ ಒಂದು ಬ್ಯಾಂಕಿನ ಅಧಿಕಾರಿ ದಾರಿ ತೋರಿಸಿದರು. ಒಂದಿಷ್ಟು ದುಡ್ಡು ಠೇವಣಿ ಇಡು. ಆ ಠೇವಣಿಯ ಮೇಲೆ ಒಂದು ಕ್ರೆಡಿಟ್ ಕಾರ್ಡ್ ಕೊಡುತ್ತೇವೆ. ತಿಂಗಳು ತಿಂಗಳು ಅದರಲ್ಲಿ ಏನಾದರೂ ಚಿಕ್ಕದು ಕೊಂಡು, ಹೇಳಿದ ದಿನದೊಳಗೆ ಬಿಲ್ಲು ಕಟ್ಟುತ್ತಾ ಬಾ. ಬಿದ್ದ ಹೆಸರು ಮೇಲೇಳುತ್ತದೆ.

"ಹಾಗೇ ಕಟ್ಟುತ್ತಾ ಬಂದೆ ಬುದ್ಧಿ. ಸ್ಕೋರು ಸ್ವಲ್ಪ ಏರಿಯೂ ಇದೆ. ಈ ತಿಂಗಳ ಬಿಲ್ಲಿಗೆ ನಾಳೆ ಕೊನೆಯ ದಿನ. ದುಡ್ಡು ಜೇಬಿನಲ್ಲೇ ಇದೆ. ಆದರೆ ಗುರುವಾರ ನನ್ನ ಹೆಂಡತಿಯ ಅಣ್ಣನ ಮನೆ ಗೃಹಪ್ರವೇಶ. ಅವರು ನಮಗೆ ಮಾಡಿದ ಮುಯ್ಯಿ ತಿರುಗಿಸಬೇಕು, ಇಲ್ಲದಿದ್ದರೆ ನೆಂಟರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಈ ದುಡ್ಡನ್ನು ಅಲ್ಲಿಗೆ ಕೊಟ್ಟು, ಬಿಲ್ಲು ಮುಂದಿನ ತಿಂಗಳು ಕಟ್ಟೋಣ ಅಂತ ಇದ್ದೇನೆ. ಠೇವಣಿ ಹೇಗೂ ಅವರ ಹತ್ತಿರ ಇದೆಯಲ್ಲ? ಬೇಕಾದರೆ ಅದರಲ್ಲೇ ಮುರಿದುಕೊಳ್ಳಲಿ."

"ನಿನಗೆ ಭಯ ಆಗುತ್ತಿಲ್ಲವೇ?"

"ಮೊದಮೊದಲು ತುಂಬಾ ಆಗುತ್ತಿತ್ತು. ಬಿಲ್ಲಿನ ಮೆಸೇಜು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಅಭ್ಯಾಸವಾಗಿದೆ ಬುದ್ಧಿ. ಭಯ ಇಲ್ಲ."

ಗುರುಗಳು ಅವನ ಕಡೆಗೆ ತಿರುಗಿ ಕುಳಿತರು.

"ಹಾಗಾದರೆ ಈಗ ನನಗೆ ಭಯ ಆಗುತ್ತಿದೆ. ಕೂತುಕೋ. ಬಸ್ಸು ಹೋದರೆ ಹೋಗಲಿ, ಇಲ್ಲೇ ಪ್ರಸಾದ ಮಾಡಿ ಮಲಗಿದರಾಯಿತು. ನಡುವೆ ಬಾಯಿ ಹಾಕಬೇಡ," ಎಂದು ಹೇಳಿ ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಉಪ್ಪಿನ ವ್ಯಾಪಾರಿ. ಲಾರಿ ಇಲ್ಲದ ಕಾಲ, ಗಾಡಿ ಹೋಗುವಂಥ ರಸ್ತೆಯೂ ಇಲ್ಲ. ಕಡಲ ತಡಿಯ ಊರಿನಲ್ಲಿ ಉಪ್ಪು ತುಂಬಿಸಿ, ಎತ್ತುಗಳ ಬೆನ್ನ ಮೇಲೆ ಹೇರಿ, ಘಟ್ಟ ಹತ್ತಿಸಿ ಮೇಲಿನ ಸೀಮೆಯ ಸಂತೆಗಳಲ್ಲಿ ಮಾರುತ್ತಿದ್ದ. ಅವನ ಹತ್ತಿರ ಒಂದು ಹಿಂಡು ಎತ್ತು. ಎಲ್ಲಕ್ಕೂ ಮುಂದೆ ನಡೆಯುವ ಎತ್ತಿನ ಕೊರಳಲ್ಲಿ ಒಂದು ಗಂಟೆ. ಅದು ನಡೆದರೆ ಮಿಕ್ಕವು ನಡೆಯುತ್ತಿದ್ದವು, ಅದು ನಿಂತರೆ ಮಿಕ್ಕವೂ ನಿಲ್ಲುತ್ತಿದ್ದವು. ಘಟ್ಟದ ದಾರಿ ಅದಕ್ಕೆ ಗೊತ್ತು. ವ್ಯಾಪಾರಿಗಿಂತ ಚೆನ್ನಾಗಿ ಗೊತ್ತು ಅನ್ನು.

ಆ ಕಡಲೂರಿನಲ್ಲಿ ಉಪ್ಪಿನ ಬೀದಿ ಅಂತ ಒಂದು ಬೀದಿ. ಎರಡು ಕಡೆಯೂ ಅಂಗಡಿ. ಪ್ರತಿ ಅಂಗಡಿಯ ಮುಂದೆ ಒಂದು ಚಪ್ಪಡಿ ಕಲ್ಲು, ಆ ಕಲ್ಲಿನ ಮೇಲೆ ಉಪ್ಪು ಅಳೆಯುವ ಮರದ ಕೊಳಗ. ಅಲ್ಲಿ ಕೈಯಲ್ಲಿ ಕಾಸು ಹಿಡಿದು ಬರುವ ವ್ಯಾಪಾರಿಗಳು ಕಡಿಮೆ. ಉಪ್ಪು ಮೊದಲು, ದುಡ್ಡು ಆಮೇಲೆ. ಮೇಲೆ ಹೋಗಿ ಮಾರಿ, ಬರುವ ಅಮಾವಾಸ್ಯೆಯ ದಿನ ಹೊತ್ತು ಮುಳುಗುವುದರೊಳಗೆ ತಂದು ಕೊಡಬೇಕು. ಬರೆದುಕೊಳ್ಳುವುದು ಇಲ್ಲ, ಸಾಕ್ಷಿ ಇಲ್ಲ. ಹೇಳಿದ ದಿನ ಬಂದರೆ ಮುಂದಿನ ಹೇರು. ಬರದಿದ್ದರೆ ಅದಕ್ಕೊಂದು ಪದ್ಧತಿ ಇತ್ತು.

ಮಾತು ತಪ್ಪಿದವನು ಆಮೇಲೆ ಯಾವತ್ತು ಆ ಬೀದಿಗೆ ಕಾಲಿಟ್ಟರೂ, ಅವನನ್ನು ಕಂಡ ಅಂಗಡಿಯವನು ತನ್ನ ಕೊಳಗವನ್ನು ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದ. ಇನ್ನು ನಿನಗೆ ಕಾಸು ಕೊಟ್ಟರೂ ಉಪ್ಪಿಲ್ಲ ಅಂತ ಅರ್ಥ. ಅಷ್ಟೇ. ಬೈಯುವುದಿಲ್ಲ, ಜಗಳವಿಲ್ಲ, ಬಾ ಹೋಗು ಎನ್ನುವುದೂ ಇಲ್ಲ. ಒಬ್ಬ ಹಾಕಿದ್ದು ನೋಡಿ ಪಕ್ಕದವನು ಹಾಕುತ್ತಿದ್ದ. ಅವನು ಎಷ್ಟು ತಪ್ಪಿದ, ಯಾಕೆ ತಪ್ಪಿದ ಎಂದು ಆ ಪಕ್ಕದವನಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ. ಮರ ಕಲ್ಲಿಗೆ ತಾಗುವ ಸದ್ದು ಮನುಷ್ಯನಿಗಿಂತ ಮುಂದೆ ಹೋಗುತ್ತಿತ್ತು. ಅವನು ಬೀದಿಯ ಈ ತುದಿಯಲ್ಲಿ ಇರುವಾಗಲೇ ಆ ತುದಿಯ ಕೊಳಗ ಬೋರಲು ಬಿದ್ದಿರುತ್ತಿತ್ತು.

ನಮ್ಮ ವ್ಯಾಪಾರಿಯೂ ಒಂದು ಸಲ ತಪ್ಪಿದ. ಕಳ್ಳತನವೇನೂ ಮಾಡಲಿಲ್ಲ, ಪಾಪ. ಉಪ್ಪು ಮಾರಿದ ದುಡ್ಡು ಸೊಂಟದಲ್ಲಿ ಇತ್ತು, ಮನೆಯಲ್ಲಿ ತಮ್ಮನ ಮದುವೆ ಇತ್ತು. ಊರವರು ಮೂಗಿನ ಮೇಲೆ ಬೆರಳಿಡಬೇಕು ಎಂದು ಸೊಂಟದ ಗಂಟು ಬಿಚ್ಚಿದ. ಊರವರು ಬೆರಳಿಟ್ಟರು, ಉಂಡರು, ಹೋದರು. ಅಮಾವಾಸ್ಯೆ ಬಂತು, ಇವನು ಘಟ್ಟ ಇಳಿಯಲಿಲ್ಲ. ಇನ್ನೊಂದು ಅಮಾವಾಸ್ಯೆಯೂ ಕಳೆಯಿತು. ಆಮೇಲೆ ಎಲ್ಲೆಲ್ಲಿಂದಲೋ ಹೊಂದಿಸಿಕೊಂಡು, ಮೇಲೆ ಬಡ್ಡಿಯನ್ನೂ ಸೇರಿಸಿಕೊಂಡು ಹೋದ. ಅಂಗಡಿಯವನು ದುಡ್ಡು ಎಣಿಸಿ ತೆಗೆದುಕೊಂಡ. ಸರಿಯಾಗಿದೆ ಎಂದ. ಎಣಿಸಿದ ಕೈಯಿಂದಲೇ ಕೊಳಗ ಬೋರಲು ಹಾಕಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಸುಮ್ಮನೆ ಗಾದೆ ಮಾಡಿದ್ದಾರೆಯೇ?

ಬರಿಯ ಗೋಣಿ ಹೊತ್ತ ಎತ್ತುಗಳನ್ನು ಹೊಡೆದುಕೊಂಡು ಮನೆಗೆ ಬಂದ. ಅವತ್ತಿನಿಂದ ಅವನಿಗೆ ಭಯ ಹಿಡಿಯಿತು. ಸಂಜೆ ಹೆಂಡತಿ ಪಾತ್ರೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತಾಳಲ್ಲ, ಆ ಸದ್ದಿಗೆ ಬೆಚ್ಚಿಬೀಳುತ್ತಿದ್ದ. ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಹೇಳಲು ನಾಚಿಕೆ. ಇನ್ನೊಂದು ಬೇಸಿಗೆ ಹೀಗೇ ಹೋದರೆ ಎತ್ತುಗಳನ್ನು ಒಂದೊಂದಾಗಿ ಮಾರಬೇಕು. ಮೊದಲು ಮುದಿ ಎತ್ತು, ಆಮೇಲೆ ಹರೆಯದ್ದು, ಕೊನೆಗೆ ಗಂಟೆಯ ಎತ್ತು. ಎತ್ತಿಲ್ಲದ ಹೇರಿನವನು ಇನ್ನೊಬ್ಬನ ಹೇರು ಹೊರಬೇಕು. ಅದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮತ್ತೆ ಬೀದಿಗೆ ಹೋದ. ಈ ತುದಿಯಿಂದ ಆ ತುದಿಯವರೆಗೆ ಸದ್ದು ಓಡಿತು. ಕೊನೆಯ ಅಂಗಡಿ ಒಬ್ಬಳು ಮುದುಕಿಯದು. ಗಂಡ ಸತ್ತ ಮೇಲೆ ತಾನೇ ವ್ಯಾಪಾರ ನಡೆಸುತ್ತಿದ್ದವಳು. ಅವಳ ಕೊಳಗ ಮಾತ್ರ ನೆಟ್ಟಗೆ ಇತ್ತು.

"ಅವ್ವಾ, ಬೀದಿಯವರೆಲ್ಲ ಬೋರಲು ಹಾಕಿದರು. ನೀನು ಹಾಕಲಿಲ್ಲವಲ್ಲ?"

"ಮುದಿ ಕೈ, ಪದೇ ಪದೇ ಬಗ್ಗಿ ಏಳಲು ಆಗುವುದಿಲ್ಲ. ನಿನಗೆ ಏನು ಬೇಕು ಹೇಳು."

"ಉಪ್ಪು ಬೇಕು. ನನ್ನ ಮಾತಿನ ಮೇಲೆ."

ಮುದುಕಿ ನಗಲಿಲ್ಲ. "ನಿನ್ನ ಮಾತು ಈ ಬೀದಿಯಲ್ಲಿ ಸತ್ತಿದೆಯಪ್ಪ. ಸತ್ತದ್ದರ ಮೇಲೆ ನಾನು ಏನೂ ಕೊಡುವುದಿಲ್ಲ. ಒಂದು ಕೆಲಸ ಮಾಡು. ನಿನ್ನ ಗಂಟೆಯ ಎತ್ತನ್ನು ನನ್ನ ಕೊಟ್ಟಿಗೆಯಲ್ಲಿ ಕಟ್ಟು. ಅದರ ಬೆಲೆಗಿಂತ ಕಡಿಮೆ ಉಪ್ಪು ಕೊಡುತ್ತೇನೆ. ಅಮಾವಾಸ್ಯೆಗೆ ಬಂದು, ಇದೇ ಕಲ್ಲಿನ ಮೇಲೆ, ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ದುಡ್ಡು ಇಡು. ಎತ್ತಿನ ಹುಲ್ಲು ಹುರುಳಿ ಖರ್ಚೂ ನಿನ್ನದೇ."

"ನನ್ನ ಎತ್ತನ್ನು ನಾನೇ ಕಟ್ಟಿ, ಅದರ ಮೇಲೆ ನಾನೇ ಸಾಲ ತಂದರೆ ನನಗೇನು ಲಾಭ?"

"ಲಾಭ ಇಲ್ಲ. ನೀನು ಬಂದಾಗ ನನ್ನ ಕೊಳಗ ನೆಟ್ಟಗಿರುತ್ತದೆ. ಬೀದಿಗೆ ಕಣ್ಣಿದೆ, ನೋಡುತ್ತದೆ. ಇಷ್ಟವಿದ್ದರೆ ಕಟ್ಟು, ಇಲ್ಲದಿದ್ದರೆ ದಾರಿ ಬಿಡು, ಬಿಸಿಲು ಬೀಳಲಿ."

ಅವನಿಗೆ ಅವಮಾನವಾಯಿತು. ನಿನಗೂ ಆಗಿರಬೇಕಲ್ಲ, ಬ್ಯಾಂಕಿನಲ್ಲಿ? ಆಗಲಿ. ಅವಮಾನದಿಂದ ಯಾರೂ ಸತ್ತಿಲ್ಲ. ಅವನು ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿದ. ಗಂಟೆಯನ್ನು ಬಿಚ್ಚಿಕೊಂಡ. ಉಪ್ಪು ಹೇರಿ ಮಿಕ್ಕ ಎತ್ತುಗಳನ್ನು ಹೊಡೆದರೆ ಅವು ಬೀದಿಯ ಬಾಯಲ್ಲೇ ನಿಂತುಬಿಟ್ಟವು. ಹೊಡೆದ, ಬೈದ, ಮುದ್ದು ಮಾಡಿದ. ಹೆಜ್ಜೆ ತೆಗೆಯಲಿಲ್ಲ. ಮುಂದೆ ಗಂಟೆ ಇರಲಿಲ್ಲ, ನೋಡು. ಕೊನೆಗೆ ಆ ಗಂಟೆಯನ್ನು ತನ್ನ ಕೊರಳಿಗೇ ಕಟ್ಟಿಕೊಂಡು ಮುಂದೆ ನಡೆದ. ಆಗ ಹಿಂದೆ ಬಂದವು. ನಗಬೇಡ. ಎತ್ತುಗಳಿಗೂ ಅವನ ಮೇಲೆ ನಂಬಿಕೆ ಇರಲಿಲ್ಲ, ಗಂಟೆಯ ಮೇಲೆ ಇತ್ತು.

ಹಾಗೆ ಘಟ್ಟ ಹತ್ತಿದ. ದಾರಿ ಎತ್ತಿಗೆ ಗೊತ್ತಿತ್ತು, ಇವನಿಗೆ ಅರ್ಧಂಬರ್ಧ. ಎಲ್ಲಿ ಕಾಲು ಜಾರುತ್ತದೋ, ಎಲ್ಲಿ ಹುಲಿ ಕೂತಿದೆಯೋ ಎಂದು ಹೆಜ್ಜೆ ಹೆಜ್ಜೆಗೂ ಭಯ. ಅದಕ್ಕಿಂತ ದೊಡ್ಡ ಭಯ ಚಂದ್ರನದು. ಹುಣ್ಣಿಮೆ ಕಳೆದು ಚಂದ್ರ ಸವೆಯತೊಡಗಿದರೆ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಬೇಗ ಬೇಗ ಮಾರಿದ. ಕಡಿಮೆ ಬೆಲೆಗೂ ಮಾರಿದ. ಅಮಾವಾಸ್ಯೆಯ ದಿನ ಬೆಳಗ್ಗೆಯೇ ಬೀದಿಯ ಬಾಯಲ್ಲಿ ನಿಂತಿದ್ದ, ಕೊರಳಲ್ಲಿ ಗಂಟೆ ಸಮೇತ. ಕೊಳಗಗಳು ಬೋರಲು ಬಿದ್ದವು. ಅವುಗಳ ನಡುವೆ ನಡೆದು ಹೋಗಿ ಮುದುಕಿಯ ಕಲ್ಲಿನ ಮೇಲೆ ದುಡ್ಡು ಇಟ್ಟ. ಅವಳು ಎಣಿಸಿದಳು, ಕೊಳಗದಲ್ಲಿ ಮತ್ತೆ ಉಪ್ಪು ಅಳೆದಳು. ಅವನು ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ಸವರಿ, ಅದರ ಕಣ್ಣಿನ ಪಿಸುರು ಒರೆಸಿ, ಮತ್ತೆ ಹೊರಟ.

ಹೀಗೇ ನಡೆಯಿತು. ಪ್ರತಿ ಸಲವೂ ಅದೇ ಭಯ, ಅದೇ ಹಾದಿ, ಅದೇ ಗಂಟೆ. ಬೀದಿಯ ಹುಡುಗರು ಅವನಿಗೆ ಗಂಟೆಯಪ್ಪ ಎಂದು ಹೆಸರಿಟ್ಟರು. ನಕ್ಕರೆ ನಗಲಿ ಎಂದು ತಲೆ ತಗ್ಗಿಸಿ ನಡೆದ. ಒಂದು ಅಮಾವಾಸ್ಯೆ, ಮುದುಕಿಯ ಎದುರು ಅಂಗಡಿಯವನು ಕೊಳಗಕ್ಕೆ ಕೈ ಹಾಕಿದವನು ಹಾಗೇ ಬಿಟ್ಟ. ಬೋರಲು ಹಾಕಲಿಲ್ಲ. ಮುಂದಿನ ಸಲ ಅವನ ಪಕ್ಕದವನೂ ಹಾಕಲಿಲ್ಲ. ವ್ಯಾಪಾರಿ ಅವತ್ತು ಬೀದಿ ದಾಟಿ ಹೋಗಿ ಒಂದು ಮರದ ಹಿಂದೆ ನಿಂತು ಅತ್ತ. ಸಂತೋಷಕ್ಕೆ ಅತ್ತನಯ್ಯ, ಮತ್ತೆ ಯಾಕೆ ಅಳುತ್ತಾನೆ? ಚಳಿಗಾಲ ಕಳೆಯುವ ಹೊತ್ತಿಗೆ ಅರ್ಧ ಬೀದಿಯ ಕೊಳಗಗಳು ಅವನು ಬಂದಾಗ ನೆಟ್ಟಗೆ ಇರುತ್ತಿದ್ದವು. ಉಪ್ಪು ಯಾರೂ ಕೊಟ್ಟಿರಲಿಲ್ಲ. ಆದರೆ ಒಬ್ಬ ಅಂಗಡಿಯವನು ಎಲೆ ಅಡಿಕೆ ಕೊಟ್ಟ, ಕೂತು ಹೋಗು ಎಂದ.

ಇಲ್ಲಿಯವರೆಗೆ ಕತೆ ಚೆನ್ನಾಗಿದೆ ಅಲ್ಲವೇ? ನಿನ್ನ ಕತೆಯೂ ಇಲ್ಲಿಯವರೆಗೆ ಚೆನ್ನಾಗಿದೆ. ಇನ್ನು ಮೇಲೆ ಕಿವಿಗೊಟ್ಟು ಕೇಳು.

ಭಯ ಅನ್ನುವುದು ಬಾಗಿಲು ಕಾಯುವ ನಾಯಿಯ ಹಾಗೆ. ಬೊಗಳುವಾಗ ನಮಗೆ ಸಾಕಾಗಿಹೋಗುತ್ತದೆ. ಅದು ಎದ್ದು ಹೋದದ್ದು ಮಾತ್ರ ನಮಗೆ ಗೊತ್ತಾಗುವುದಿಲ್ಲ. ಎಲೆ ಅಡಿಕೆ ತಿಂದ ಆ ದಿನ ಅವನ ಭಯ ಎದ್ದು ಹೋಗಿತ್ತು. ಅವನು ಅದನ್ನು ಗಮನಿಸಲಿಲ್ಲ. ಮೈ ಹಗುರವಾಗಿದೆ ಎಂದುಕೊಂಡ.

ಆ ಸಲ ಮೇಲಿನ ಸೀಮೆಯಲ್ಲಿ ಉಪ್ಪು ಚೆನ್ನಾಗಿ ಹೋಯಿತು. ದುಡ್ಡು ಸೊಂಟದಲ್ಲಿ. ಚಂದ್ರ ಇನ್ನೂ ಸವೆಯುತ್ತಿದ್ದ. ಘಟ್ಟ ಇಳಿಯಲು ಬೇಕಾದಷ್ಟು ಹೊತ್ತಿತ್ತು. ಸಂತೆಯಲ್ಲಿ ಒಬ್ಬ ಮೆಣಸಿನಕಾಯಿ ರಾಶಿ ಹಾಕಿಕೊಂಡು ಕೂತಿದ್ದ. ಮನೆಯಲ್ಲಿ ಏನೋ ಅವಸರ, ಅಗ್ಗಕ್ಕೆ ಕೊಟ್ಟು ಹೋಗುತ್ತೇನೆ ಎಂದ. ಅದೇ ಮೆಣಸಿನಕಾಯಿ ಮುಂದಿನ ಸಂತೆಯಲ್ಲಿ ಒಂದಕ್ಕೆ ಎರಡು. ಮುಂದಿನ ಸಂತೆ ಅಮಾವಾಸ್ಯೆಯ ಮಾರನೆಯ ದಿನ.

ವ್ಯಾಪಾರಿ ಸಂತೆಯ ಬೇವಿನ ಮರದ ಕೆಳಗೆ ಕೂತು ಯೋಚನೆ ಮಾಡಿದ. ಒಳ್ಳೆಯ ಯೋಚನೆಯೇ ಅದು, ಎಲ್ಲೂ ತಪ್ಪು ಕಾಣುವುದಿಲ್ಲ. ನಾನು ಮುದುಕಿಗೆ ಕೊಡಬೇಕಾದದ್ದು ಇಷ್ಟು. ಅವಳ ಕೊಟ್ಟಿಗೆಯಲ್ಲಿ ನಿಂತಿರುವ ಎತ್ತಿನ ಬೆಲೆ ಅದಕ್ಕೆ ಎರಡರಷ್ಟು. ನಾನು ಕೆಲವು ದಿನ ತಡವಾಗಿ ಹೋದರೆ ಅವಳಿಗೆ ಕಾಸಿನ ನಷ್ಟವೂ ಇಲ್ಲ. ಹೋದಾಗ ಬಡ್ಡಿ ಕೊಡುತ್ತೇನೆ, ಒಂದು ಅಚ್ಚು ಬೆಲ್ಲವನ್ನೂ ಕೊಡುತ್ತೇನೆ. ನಾನೇ ಹೋಗದಿದ್ದರೂ ಎತ್ತು ಇದೆಯಲ್ಲ, ಇಟ್ಟುಕೊಳ್ಳಲಿ. ಇದರಲ್ಲಿ ಯಾರಿಗೆ ಮೋಸವಾಯಿತು? ಯಾರಿಗೂ ಇಲ್ಲ. ಹೀಗೆ ಯೋಚಿಸಿ ಮೆಣಸಿನಕಾಯಿ ಕೊಂಡ.

ಆ ಅಮಾವಾಸ್ಯೆಯ ಸಂಜೆ ಅವನು ಮೇಲಿನ ಸೀಮೆಯಲ್ಲಿ ರೊಟ್ಟಿ, ಚಟ್ನಿ ತಿಂದು ಆರಾಮವಾಗಿ ಮಲಗಿದ. ಎಷ್ಟೋ ತಿಂಗಳ ಮೇಲೆ ಬಂದ ಒಳ್ಳೆಯ ನಿದ್ದೆ. ನನಗೆ ಈ ಕತೆಯಲ್ಲಿ ಹುಲಿಗಿಂತ, ಘಟ್ಟಕ್ಕಿಂತ ಹೆಚ್ಚು ಭಯವಾಗುವುದು ಆ ನಿದ್ದೆಯ ವಿಚಾರ ಬಂದಾಗ.

ಮೆಣಸಿನಕಾಯಿ ಮಾರಿದ. ಎಣಿಸಿದಂತೆ ಲಾಭ ಬಂತು. ಮುದುಕಿಗೆ ಕೊಡಬೇಕಾದದ್ದು ಬೇರೆ ಕಟ್ಟಿಕೊಂಡ, ಬಡ್ಡಿ ಬೇರೆ ಕಟ್ಟಿಕೊಂಡ, ಬೆಲ್ಲದ ಅಚ್ಚು ತೆಗೆದುಕೊಂಡ. ಕೊರಳಿಗೆ ಗಂಟೆ ಕಟ್ಟಿಕೊಂಡು ಘಟ್ಟ ಇಳಿದ. ಬೀದಿಯ ಬಾಯಿಗೆ ಬಂದ. ಗಂಟೆಯ ಸದ್ದಿಗೆ ಜನ ತಲೆ ಹೊರಗೆ ಹಾಕಿದರು.

ಆಗ ಕೇಳಿಸಿತು, ಮರ ಕಲ್ಲಿಗೆ ತಾಗಿದ ಸದ್ದು. ಈ ತುದಿಯಲ್ಲಲ್ಲ, ಆ ತುದಿಯಲ್ಲಿ. ಪ್ರತಿ ಸಲ ಸದ್ದು ಇಲ್ಲಿಂದ ಅಲ್ಲಿಗೆ ಓಡುತ್ತಿತ್ತು. ಈ ಸಲ ಅಲ್ಲಿಂದ ಇಲ್ಲಿಗೆ, ಅವನ ಎದುರಿಗೆ ಬರುತ್ತಿತ್ತು. ಎಲೆ ಅಡಿಕೆ ಕೊಟ್ಟವನ ಕೊಳಗವೂ ಬಿತ್ತು. ವ್ಯಾಪಾರಿ ಕೊರಳಿನ ಗಂಟೆಯನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ನಡೆದ. ಎತ್ತುಗಳು ಹಿಂದೆ ಬರಲಿಲ್ಲ, ಬೀದಿಯ ಬಾಯಲ್ಲೇ ನಿಂತವು. ಅವನು ಹಿಂತಿರುಗಿ ನೋಡಲಿಲ್ಲ. ಕೊನೆಯ ಅಂಗಡಿಗೆ ಬಂದು ನೋಡಿದರೆ ಕಲ್ಲಿನ ಮೇಲೆ ಮುದುಕಿಯ ಕೊಳಗ ಬೋರಲು ಬಿದ್ದಿತ್ತು. ಅವತ್ತು ಎಲ್ಲಕ್ಕೂ ಮೊದಲು ಬಿದ್ದದ್ದು ಅದೇ.

"ಅವ್ವಾ, ಪೂರ್ತಿ ದುಡ್ಡು ತಂದಿದ್ದೇನೆ. ಬಡ್ಡಿಯೂ ಇದೆ. ಬೆಲ್ಲವೂ ಇದೆ. ಎತ್ತು ನಿನ್ನ ಹತ್ತಿರವೇ ಇತ್ತಲ್ಲ, ನಿನಗೇನು ನಷ್ಟವಾಯಿತು?"

"ನನಗೆ ನಷ್ಟವಾಗಿಲ್ಲ," ಎಂದಳು ಮುದುಕಿ. ಕೊಡಬೇಕಾದಷ್ಟನ್ನು ಮಾತ್ರ ಎಣಿಸಿಕೊಂಡಳು. ಬಡ್ಡಿಯನ್ನು ಪಕ್ಕಕ್ಕೆ ಸರಿಸಿದಳು, ಬೆಲ್ಲವನ್ನು ಮುಟ್ಟಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತನ್ನು ಬಿಚ್ಚಿ, ಹಗ್ಗ ತಂದು ಅವನ ಕೈಗೆ ಕೊಟ್ಟಳು. "ನಿನ್ನ ಎತ್ತು. ಹೊಡೆದುಕೊಂಡು ಹೋಗು."

ವ್ಯಾಪಾರಿಗೆ ಏನೂ ತಿಳಿಯಲಿಲ್ಲ. ಎತ್ತು ಹೋಗುತ್ತದೆ ಎಂದು ಹೆದರಿದ್ದವನು ಅವನು. ಈಗ ಹಗ್ಗ ಕೈಯಲ್ಲೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಎತ್ತನ್ನು ಇಟ್ಟುಕೊಂಡಿದ್ದರೂ ತಡೆದುಕೊಳ್ಳುತ್ತಿದ್ದ. ಎತ್ತನ್ನು ತಿರುಗಿ ಕೊಟ್ಟದ್ದು ಕಂಡು ಅವನಿಗೆ ಜೀವ ಬಾಯಿಗೆ ಬಂತು.

"ಬೇಡ ಅವ್ವಾ, ಇಟ್ಟುಕೋ. ಇದೊಂದೇ ಅಲ್ಲ, ಎಲ್ಲ ಎತ್ತುಗಳನ್ನೂ ಕಟ್ಟಿಕೋ. ಒಂದು ಹೇರು ಉಪ್ಪು ಕೊಡು ಸಾಕು. ಮುಂದಿನ ಅಮಾವಾಸ್ಯೆಗೆ ಸೂರ್ಯ ಹುಟ್ಟುವ ಮೊದಲೇ ಬರುತ್ತೇನೆ."

ಮುದುಕಿ ಕಲ್ಲಿನ ಮೇಲೆ ಕೂತಳು. ಅವಳಿಗೂ ಸಂಕಟವಾಗಿತ್ತು.

"ಅಮಾವಾಸ್ಯೆಯ ದಿನ ಬೆಳಗಿನಿಂದ ಇಲ್ಲೇ ಕೂತಿದ್ದೆ," ಎಂದಳು. "ಈ ಸಲ ನೀನು ಬಂದು ದುಡ್ಡು ಇಟ್ಟ ಕೂಡಲೇ ಎಲ್ಲರ ಎದುರಿಗೆ ಎತ್ತು ಬಿಚ್ಚಿ ಕೊಡಬೇಕು, ಇನ್ನು ಮೇಲೆ ಬರಿಯ ಮಾತಿನ ಮೇಲೆ ಉಪ್ಪು ಅಳೆಯಬೇಕು ಅಂತ ಇದ್ದೆ. ಎದುರು ಅಂಗಡಿಯವನಿಗೂ ಹೇಳಿದ್ದೆ, ಅವನೂ ಕೊಡುತ್ತೇನೆ ಎಂದಿದ್ದ. ಹೊತ್ತು ಇಳಿಯಿತು, ನಿನ್ನ ಗಂಟೆ ಕೇಳಿಸಲಿಲ್ಲ. ಎದುರಿನವನು ನನ್ನ ಮುಖ ನೋಡುತ್ತಿದ್ದ. ಘಟ್ಟದಲ್ಲಿ ನಿನಗೇ ಏನೋ ಆಯಿತೇನೋ ಎಂದು ನನಗೆ ಭಯವಾಯಿತು. ದೀಪ ಹಚ್ಚಿಕೊಂಡು ಬೀದಿಯ ಬಾಯಿವರೆಗೆ ಬಂದು ನೋಡಿದೆ. ಆಮೇಲೆ ಘಟ್ಟ ಇಳಿದು ಬಂದ ಹೇರಿನವರು ಹೇಳಿದರು, ನೀನು ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಪಕ್ಕ ಕೂತಿದ್ದೆ ಅಂತ."

ವ್ಯಾಪಾರಿ ತಲೆ ತಗ್ಗಿಸಿದ.

"ಎತ್ತು ಕಟ್ಟಿಸಿಕೊಂಡದ್ದು ನನ್ನ ಕಾಸು ಉಳಿಯಲಿ ಅಂತ. ಅದು ಉಳಿಯಿತು. ಕೊಳಗ ನೆಟ್ಟಗೆ ಇಟ್ಟದ್ದು ನಿನ್ನ ಹೆಸರು ಉಳಿಯಲಿ ಅಂತ. ಅದಕ್ಕೆ ಎತ್ತು ಏನು ಮಾಡುತ್ತದೆಯಪ್ಪ? ಕಟ್ಟಿದ ಕಡೆ ನಿಂತಿತ್ತು ಅದು, ಒಂದು ದಿನವೂ ತಪ್ಪಲಿಲ್ಲ. ಇನ್ನು ಎಷ್ಟು ಎತ್ತು ಕಟ್ಟಿದರೂ ನಾನು ಬೀದಿಗೆ ತೋರಿಸಬಹುದಾದದ್ದು ಎತ್ತುಗಳನ್ನು ಮಾತ್ರ. ಹೋಗು, ಎತ್ತು ಬಿಸಿಲಿಗೆ ನಿಂತಿದೆ."

ಅಷ್ಟು ಹೇಳಿ ಒಳಗೆ ಹೋದಳು.

ವ್ಯಾಪಾರಿ ಕೊರಳಿನ ಗಂಟೆ ಬಿಚ್ಚಿ ಎತ್ತಿನ ಕೊರಳಿಗೆ ಕಟ್ಟಿದ. ಎತ್ತಿಗೆ ಖುಷಿ. ಬಹಳ ದಿನಗಳ ಮೇಲೆ ತನ್ನ ಗಂಟೆ ಬಂತಲ್ಲ, ತಲೆ ಆಡಿಸಿತು, ಬೀದಿಗುಂಟ ಹೊರಟಿತು. ಅದರ ಗಂಟೆ ಕೇಳಿ ದೂರದಲ್ಲಿ ನಿಂತಿದ್ದ ಮಿಕ್ಕ ಎತ್ತುಗಳೂ ಕಿವಿ ನಿಮಿರಿಸಿದವು. ಹಗ್ಗ ಹಿಡಿದು ಅವನು ಹಿಂದೆ ನಡೆದ. ಎರಡು ಕಡೆಯೂ ಬೋರಲು ಬಿದ್ದ ಕೊಳಗಗಳು. ಅಂಗಡಿಯವರು ಯಾರೂ ಅವನನ್ನು ನೋಡಲಿಲ್ಲ. ಎತ್ತನ್ನು ನೋಡಿದರು. ಒಬ್ಬ ಎದ್ದು ಬಂದು ಅದರ ಬಾಯಿಗೆ ಒಂದು ಹಿಡಿ ಹುಲ್ಲು ಕೊಟ್ಟ.

ಗುರುಗಳು ಮಾತು ನಿಲ್ಲಿಸಿದರು. ಗುರುಸಿದ್ಧನ ಕೈ ಯಾವಾಗಲೋ ಜೇಬಿಗೆ ಹೋಗಿತ್ತು. ಒಳಗಿನ ನೋಟುಗಳನ್ನು ಹಿಡಿದುಕೊಂಡಿತ್ತು.

"ಆಮೇಲೆ ಬುದ್ಧಿ? ಬೇಸಿಗೆಗೆ ಅವನು ಏನು ಮಾಡಿದ? ಎತ್ತುಗಳನ್ನು ಮಾರಿದನೇ? ಇನ್ನೊಂದು ಊರಿಗೆ ಹೋದನೇ?"

"ಅವನ ಅಮಾವಾಸ್ಯೆ ಕಳೆದುಹೋಯಿತಯ್ಯ," ಎಂದರು ಗುರುಗಳು, "ನಿನ್ನದು ಯಾವತ್ತು ಅಂದೆ?"